ಕೇಂದ್ರದ ಬಾಗಿಲು ಮುಚ್ಚಿತು, ನಿಮ್ಮ ಗುಟ್ಟಿನ ಗತಿಯೇನು?

ಮನೆಯ ವಿಷಯ ಹೊರಗೆ ಹೋಗಬಾರದು ಎಂದು ಹೇಳಿಸಿಕೊಂಡೇ ಬೆಳೆದವರು ನಾವು. ಅತ್ತೆಯ ಚುಚ್ಚುಮಾತು, ಗಂಡನ ಕುಡಿತ, ಹೆರಿಗೆಯಾದ ಮೇಲೆ ಕಾರಣವಿಲ್ಲದೆ ಬರುವ ಅಳು, ರಾತ್ರಿಯಿಡೀ ಹತ್ತದ ನಿದ್ದೆ... ಎಲ್ಲವನ್ನೂ ನುಂಗಿಕೊಂಡು ನುಂಗಿಕೊಂಡು ಕೊನೆಗೊಂದು ದಿನ ಧೈರ್ಯ ಮಾಡಿ ಆಪ್ತ ಸಮಾಲೋಚನಾ ಕೇಂದ್ರದ ಮೆಟ್ಟಿಲು ಹತ್ತುತ್ತೀರಿ. ‘ಇಲ್ಲಿ ಹೇಳಿದ್ದು ಇಲ್ಲೇ ಇರ್ತದ, ಚಿಂತಿ ಮಾಡಬ್ಯಾಡ್ರಿ’ ಎಂದು ಅಲ್ಲಿನ ಅಕ್ಕ ಭರವಸೆ ಕೊಟ್ಟ ಮೇಲಷ್ಟೇ ಬಾಯಿ ಬಿಡುತ್ತೀರಿ. ಆಕೆ ಬರೆದುಕೊಳ್ಳುತ್ತಾರೆ. ಹೆಸರು, ವಯಸ್ಸು, ಓಣಿ, ಗಂಡನ ಕೆಲಸ, ಫೋನ್ ನಂಬರು. ಆಮೇಲೆ ಉಳಿದದ್ದೆಲ್ಲ.

ಒಂದೆರಡು ವರ್ಷ ಕಳೆಯುತ್ತದೆ. ಸಂಸ್ಥೆಗೆ ಬರುತ್ತಿದ್ದ ಅನುದಾನ ನಿಲ್ಲುತ್ತದೆ. ಬಾಡಿಗೆ ಕಟ್ಟಲಾಗದೆ ಬೋರ್ಡು ಇಳಿಸುತ್ತಾರೆ. ಹೇಳಿದ್ದು ‘ಇಲ್ಲೇ’ ಇರುತ್ತದೆ ಎಂದಿದ್ದರು, ಸರಿ. ಆದರೆ ಆ ‘ಇಲ್ಲಿ’ ಎಂಬ ಜಾಗವೇ ಇಲ್ಲವಾದರೆ? ಕಪಾಟಿನಲ್ಲಿದ್ದ ನಿಮ್ಮ ಫೈಲು ಯಾರ ಮನೆಗೆ ಹೋಯಿತು? ಬೀಗದ ಕೈ ಯಾರ ಹತ್ತಿರ ಇದೆ?

ಇದು ಬರೀ ಊಹೆಯ ಪ್ರಶ್ನೆ ಅಲ್ಲ. ನಮ್ಮ ಸುತ್ತಮುತ್ತ ಇಂಥ ಕೇಂದ್ರಗಳು ತೆರೆಯುತ್ತಲೂ ಇವೆ, ಮುಚ್ಚುತ್ತಲೂ ಇವೆ.

ಯಾಕೆ ಮುಚ್ಚುತ್ತವೆ?

ಹೆಚ್ಚಿನ ಕೇಂದ್ರಗಳನ್ನು ನಡೆಸುವುದು ಸ್ವಯಂಸೇವಾ ಸಂಸ್ಥೆಗಳು. ಅವುಗಳ ಆಯುಷ್ಯ ಯೋಜನೆಯ ಹಣದಷ್ಟೇ. ಮೂರು ವರ್ಷದ ಯೋಜನೆ ಎಂದರೆ ಮೂರು ವರ್ಷದ ಕೇಂದ್ರ. ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. ಕಷ್ಟದಲ್ಲಿರುವ ಮಹಿಳೆಯರಿಗಾಗಿ 2000-01ರಲ್ಲಿ ‘ಸಾಂತ್ವನ’ ಯೋಜನೆ ಶುರುವಾಯಿತು. ಹಣ ಸರ್ಕಾರದ್ದು, ಕೇಂದ್ರ ನಡೆಸುವುದು ಸ್ವಯಂಸೇವಾ ಸಂಸ್ಥೆಗಳದ್ದು. ಹೊಡೆತ ತಿಂದವರು, ಮನೆಯಿಂದ ಹೊರದಬ್ಬಿಸಿಕೊಂಡವರು, ಜೀವ ಬೇಡ ಅನ್ನಿಸಿದವರು ಅಲ್ಲಿಗೆ ಹೋಗಿ ಕಷ್ಟ ಹೇಳಿಕೊಂಡರು. 2021ರಲ್ಲಿ ಇವುಗಳಲ್ಲಿ ಹಲವು ಕೇಂದ್ರಗಳನ್ನು ಮುಚ್ಚಲು ಸರ್ಕಾರ ಮುಂದಾದಾಗ ಮಹಿಳಾ ಸಂಘಟನೆಗಳು ವಿರೋಧಿಸಿದವು. ಸಿಬ್ಬಂದಿಯ ಕೆಲಸ ಹೋಗುತ್ತದೆ, ನೊಂದವರು ಎಲ್ಲಿಗೆ ಹೋಗಬೇಕು ಎಂಬ ಮಾತು ನ್ಯಾಯವಾದದ್ದೇ. ಅದರ ಜೊತೆ ಕೇಳಬೇಕಾದ ಇನ್ನೊಂದು ಮಾತೂ ಇದೆ. ಇಷ್ಟು ವರ್ಷ ಆ ಹೆಂಗಸರು ಹೇಳಿ ಬರೆಸಿದ್ದೆಲ್ಲ ಎಲ್ಲಿ ಹೋಗಬೇಕು?

ವಿದೇಶಿ ದೇಣಿಗೆ ನೆಚ್ಚಿಕೊಂಡ ಸಂಸ್ಥೆಗಳ ಕಷ್ಟ ಬೇರೆ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆ ಬಿಗಿಯಾಯಿತು. ಆಡಳಿತ ವೆಚ್ಚಕ್ಕೆ ಮೊದಲು ದೇಣಿಗೆಯ ಶೇ 50ರವರೆಗೆ ಬಳಸಬಹುದಿತ್ತು. ಅದು ಶೇ 20ಕ್ಕೆ ಇಳಿಯಿತು. 2022ರ ಜನವರಿ ಹೊತ್ತಿಗೆ ದೇಶದಲ್ಲಿ ಸುಮಾರು 6 ಸಾವಿರ ಸಂಸ್ಥೆಗಳ ನೋಂದಣಿ ಕೊನೆಗೊಂಡಿತ್ತು. ಹೀಗೆ ನೋಂದಣಿ ರದ್ದಾದರೆ ಆ ಹಣದಲ್ಲಿ ಕೊಂಡ ಆಸ್ತಿ ಯಾರ ವಶಕ್ಕೆ ಹೋಗಬೇಕು ಎಂದು ಕಾನೂನು ಹೇಳುತ್ತದೆ. ಕುರ್ಚಿ, ಮೇಜು, ಜೀಪು, ಕಂಪ್ಯೂಟರ್ ಎಲ್ಲಕ್ಕೂ ಲೆಕ್ಕವುಂಟು. ಆದರೆ ಕಂಪ್ಯೂಟರಿನ ಒಳಗಿರುವ ನಿಮ್ಮ ಕಣ್ಣೀರಿನ ಕಥೆ ಯಾವ ಲೆಕ್ಕಕ್ಕೆ ಬರುತ್ತದೆ?

ಸಣ್ಣ ಊರಿನ ದೊಡ್ಡ ಕಷ್ಟ

ಬೆಂಗಳೂರಿನಲ್ಲಿ ಪಕ್ಕದ ಫ್ಲ್ಯಾಟಿನವರ ಹೆಸರೇ ಗೊತ್ತಿರುವುದಿಲ್ಲ. ಬಸವಕಲ್ಯಾಣ, ಹುಮನಾಬಾದ್ ಹಾಗಲ್ಲವಲ್ಲ! ಇಲ್ಲಿ ಒಂದು ಓಣಿಯಲ್ಲಿ ಕೆಮ್ಮಿದರೆ ಇನ್ನೊಂದು ಓಣಿಗೆ ಕೇಳಿಸುತ್ತದೆ. ಬಸವಕಲ್ಯಾಣದಾಕೆ ಹುಮನಾಬಾದಿಗೆ ಹೋಗಿ ತೋರಿಸಿಕೊಳ್ಳುವುದು, ಹುಮನಾಬಾದಿನಾಕೆ ಬೀದರ್‌ಗೋ ಕಲಬುರಗಿಗೋ ಇಲ್ಲವೇ ಸೊಲ್ಲಾಪುರ, ಹೈದರಾಬಾದ್‌ಗೋ ಬಸ್ಸು ಹತ್ತುವುದು ಇದೇ ಕಾರಣಕ್ಕೆ. ಬಸ್ಸಿನಲ್ಲಿ ಯಾರಾದರೂ ಕೇಳಿದರೆ ‘ಸಂಬಂಧಿಕರ ಮನಿಗಿ ಹೊಂಟೀನ್ರಿ’ ಎಂಬ ಉತ್ತರ ಸಿದ್ಧ ಇರುತ್ತದೆ.

ಇಂಥ ಊರಿನಲ್ಲಿ ಹೆಸರು ಅಳಿಸಿದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ. ‘ಇಂಥ ಓಣಿ, ಕಿರಾಣಿ ಅಂಗಡಿಯವರ ಎರಡನೇ ಸೊಸೆ, ಎರಡು ಹೆಣ್ಣು ಮಕ್ಕಳು’ ಎಂದು ಬರೆದಿದ್ದರೆ ಸಾಕು, ಓದಿದವರಿಗೆ ಯಾರೆಂದು ತಿಳಿದುಬಿಡುತ್ತದೆ. ಮುಚ್ಚಿದ ಕೇಂದ್ರದ ಕಾಗದ ರದ್ದಿ ಅಂಗಡಿಗೆ ಹೋಯಿತು ಅಂದುಕೊಳ್ಳಿ. ರದ್ದಿ ಅಂಗಡಿಯಿಂದ ಭಜಿ ಬಂಡಿಗೆ ದೂರವೇನಿಲ್ಲ. ಯಾರದೋ ಮನೆಯ ಸಂಕಟ ಇನ್ಯಾರದೋ ಕೈಯಲ್ಲಿ ಮಿರ್ಚಿ ಭಜಿಯ ಪೊಟ್ಟಣವಾಗಬೇಕೇ?

ಹನ್ನೆರಡನೇ ಶತಮಾನದಲ್ಲಿ ಹೆಣ್ಣುಮಕ್ಕಳೂ ಸರಿಸಮವಾಗಿ ಕೂತು ಮಾತಾಡಿದ ಅನುಭವ ಮಂಟಪದ ನೆಲ ನಮ್ಮದು. ಬಿಚ್ಚುಮನಸ್ಸಿನ ಮಾತಿಗೆ ಇಲ್ಲಿ ಮೊದಲಿನಿಂದಲೂ ಬೆಲೆಯಿದೆ. ಆದರೆ ಸಭೆಯಲ್ಲಿ ಆಡುವ ಮಾತು ಬೇರೆ, ಒಬ್ಬರನ್ನು ನಂಬಿ ಅವರ ಕಿವಿಯಲ್ಲಿ ಹೇಳುವ ಮಾತು ಬೇರೆ. ಎರಡನೆಯದನ್ನು ಎಲ್ಲಿ ಹೇಳಬೇಕು, ಯಾರಿಗೆ ಹೇಳಬೇಕು ಎಂದು ತೀರ್ಮಾನಿಸುವ ಹಕ್ಕು ಹೇಳುವವಳದ್ದೇ.

ಗುಟ್ಟು ಹೊರಬಿದ್ದರೆ ಏನಾಗುತ್ತದೆ?

‘ಆಡಿಕೊಳ್ಳೋರು ಆಡಿಕೊಳ್ಳಲಿ ಬಿಡ್ರಿ’ ಎನ್ನುವವರಿದ್ದಾರೆ. ಆಡಿಕೊಳ್ಳುವುದಷ್ಟೇ ಆದರೆ ಬಿಡಬಹುದು. ಮಗಳ ಸಂಬಂಧದ ಮಾತುಕತೆ ನಡೆದಿರುವಾಗ ‘ತಾಯಿ ತಲೆ ಕೆಟ್ಟದ್ದಕ್ಕ ಗುಳಿಗಿ ತಗೋತಾಳಂತ’ ಎಂದು ಯಾರೋ ಹೇಳಿದರೆ? ಹಿಂದೂ ವಿವಾಹ ಕಾಯ್ದೆಯಲ್ಲಿ ತೀವ್ರ ಮಾನಸಿಕ ಕಾಯಿಲೆ ವಿಚ್ಛೇದನಕ್ಕೆ ಒಂದು ಕಾರಣವಾಗಿ ಇನ್ನೂ ಇದೆ. ಗಂಡ, ಹೆಂಡತಿ ಕೋರ್ಟಿಗೆ ಹೋದಾಗ ಹಳೆಯ ಚೀಟಿ, ಫೈಲುಗಳನ್ನು ಹುಡುಕುವುದು ಇದಕ್ಕೇ. ವಕೀಲರಿಗೆ ನೀವು ಹೇಳಿದ ಮಾತಿಗೆ ಕಾನೂನಿನಲ್ಲಿ ವಿಶೇಷ ರಕ್ಷಣೆಯುಂಟು. ಕೌನ್ಸೆಲರ್‌ಗೆ ಹೇಳಿದ ಮಾತಿಗೆ ಸಾಕ್ಷ್ಯ ಕಾನೂನು ಆ ರಕ್ಷಣೆ ಕೊಟ್ಟಿಲ್ಲ.

ಹಾಗಂತ ಗಾಬರಿಯಾಗಬೇಡಿ. ಕಾಯಿಲೆಯ ಹೆಸರು ಚೀಟಿಯಲ್ಲಿ ಇದ್ದ ಮಾತ್ರಕ್ಕೆ ವಿಚ್ಛೇದನ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ, ರಾಮ ನಾರಾಯಣ ಗುಪ್ತ ಪ್ರಕರಣದಲ್ಲಿ ಹೇಳಿದೆ. ಕಾಯಿಲೆ ಎಷ್ಟು ತೀವ್ರ, ಜೊತೆಗೆ ಬಾಳುವುದು ಅಸಾಧ್ಯವೇ ಎಂಬುದನ್ನೂ ನೋಡಬೇಕು. ಮಾನಸಿಕ ಕಾಯಿಲೆ ಇದೆ ಎಂದಷ್ಟಕ್ಕೇ ಆ ವ್ಯಕ್ತಿಗೆ ಬುದ್ಧಿಸ್ವಾಧೀನವಿಲ್ಲ ಎಂದು ತಿಳಿಯಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಹೇಳುತ್ತದೆ. ಕೋರ್ಟಿನಲ್ಲಿ ಕೊನೆಗೆ ನಿಮಗೆ ನ್ಯಾಯ ಸಿಗಬಹುದು. ಆದರೆ ಅಷ್ಟು ಹೊತ್ತಿಗೆ ಬೀಗರ ಮನೆಯಲ್ಲಿ ಮಾತು ಮುಗಿದಿರುತ್ತದೆ, ಅಲ್ಲವೇ? ಅದಕ್ಕೇ ಗುಟ್ಟು ಸೋರದ ಹಾಗೆ ನೋಡಿಕೊಳ್ಳುವುದು ಮುಖ್ಯ.

ಕಾನೂನು ಏನು ಕೊಡುತ್ತದೆ, ಎಲ್ಲಿ ಕೈಬಿಡುತ್ತದೆ?

2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಗೋಪ್ಯತೆಯನ್ನು ಹಕ್ಕು ಎಂದೇ ಕರೆದಿದೆ. ಚಿಕಿತ್ಸೆ ಕೊಡುವವರು ವಿಷಯವನ್ನು ಹೊರಗೆ ಬಿಡಬಹುದಾದ ಸಂದರ್ಭಗಳು ಕೆಲವೇ. ನಿಮ್ಮ ನಾಮನಿರ್ದೇಶಿತ ಪ್ರತಿನಿಧಿಗೆ, ನಿಮಗೆ ಚಿಕಿತ್ಸೆ ಕೊಡುವ ಇನ್ನೊಬ್ಬ ತಜ್ಞರಿಗೆ, ಯಾರದಾದರೂ ಜೀವಕ್ಕೆ ಅಥವಾ ಮೈಗೆ ಅಪಾಯ ಇದ್ದಾಗ, ಮಂಡಳಿ ಅಥವಾ ಮೇಲಿನ ಕೋರ್ಟಿನಂಥವುಗಳ ಆದೇಶ ಬಂದಾಗ, ಸಾರ್ವಜನಿಕ ಸುರಕ್ಷತೆಗೆ ಬೇಕಾದಾಗ. ಇಷ್ಟೇ. ‘ಸಂಸ್ಥೆ ಮುಚ್ಚಿತು’ ಎಂಬ ಕಾರಣ ಈ ಪಟ್ಟಿಯಲ್ಲಿ ಇಲ್ಲ, ಗಮನಿಸಿ. ಬಾಗಿಲು ಮುಚ್ಚಿದರೂ ಬಾಯಿ ಮುಚ್ಚಿಕೊಂಡಿರುವ ಹೊಣೆ ಮುಗಿಯುವುದಿಲ್ಲ ಎಂದರ್ಥ.

ಇನ್ನು ತೊಡಕು. ಮೊದಲನೆಯದು, ಈ ಹಕ್ಕು ಇರುವುದು ಮಾನಸಿಕ ಕಾಯಿಲೆ ಇರುವವರಿಗೆ. ಗಂಡನ ಜೊತೆ ಜಗಳವಾಡಿ ನೊಂದು ಬಂದಾಕೆ, ಮಗ ಪರೀಕ್ಷೆಯಲ್ಲಿ ಫೇಲಾದ ಎಂದು ಅಳುತ್ತ ಬಂದಾಕೆ ಕಾಯಿಲೆಯವರಲ್ಲವಲ್ಲ! ಎರಡನೆಯದು, ಕಾಯ್ದೆ ‘ಮಾನಸಿಕ ಆರೋಗ್ಯ ವೃತ್ತಿಪರರು’ ಎಂದು ಮುಖ್ಯವಾಗಿ ಎಣಿಸುವುದು ಮನೋವೈದ್ಯರು, ನೋಂದಾಯಿತ ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಮನೋವೈದ್ಯಕೀಯ ನರ್ಸ್ ಮತ್ತು ಸಮಾಜ ಕಾರ್ಯಕರ್ತರಂಥವರನ್ನು. ಮೂರು ತಿಂಗಳ ತರಬೇತಿ ಪಡೆದು ಕುರ್ಚಿಯಲ್ಲಿ ಕೂತ ನಿಮ್ಮ ಊರಿನ ಆಪ್ತಸಮಾಲೋಚಕಿ ಎಷ್ಟೇ ಒಳ್ಳೆಯವರಾದರೂ ಈ ಹೆಸರಿನೊಳಗೆ ಬರುವುದಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಂದೇ ದನಿಯಲ್ಲಿ ಹೇಳಿದರು. ಆ ಪ್ರಕರಣ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಹೆಮ್ಮೆಯ ವಿಷಯ. ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಡಲಾಯಿತು. ಕೊಟ್ಟ ಮಾಹಿತಿಯನ್ನು ಅಳಿಸಿ ಎಂದು ಕೇಳುವ ಹಕ್ಕು ಈ ಕಾಯ್ದೆಯಲ್ಲಿದೆ. ಆದರೆ ಹೆಸರೇ ಹೇಳುವಂತೆ ಇದು ಡಿಜಿಟಲ್ ಮಾಹಿತಿಗೆ ಮಾತ್ರ. ಕೆಂಪು ರಟ್ಟಿನ ರಿಜಿಸ್ಟರಿನಲ್ಲಿ ಪೆನ್ನಿನಿಂದ ಬರೆದದ್ದು ಕಂಪ್ಯೂಟರಿಗೆ ಹೋಗುವವರೆಗೆ ಇದರ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ತಾಲ್ಲೂಕುಗಳಂಥ ಕಡೆ ರಿಜಿಸ್ಟರೇ ತಾನೇ ಹೆಚ್ಚು?

ಒಟ್ಟಿನಲ್ಲಿ ಗುಟ್ಟು ಕಾಯಬೇಕು ಎಂದು ಕಾನೂನು ಹೇಳುತ್ತದೆ. ಸಂಸ್ಥೆ ಇಲ್ಲವಾದ ಮೇಲೆ ಕಾಯುವವರು ಯಾರು ಎಂಬ ಹೆಸರನ್ನು ಮಾತ್ರ ಹೇಳುವುದಿಲ್ಲ. ಆ ಹೆಸರನ್ನು ನಾವೇ ಕೇಳಿ ತಿಳಿದುಕೊಳ್ಳಬೇಕು.

ಫಿನ್ಲೆಂಡ್ ಕಲಿಸಿದ ಪಾಠ

ಕಾಗದ ಬೇಡ, ಎಲ್ಲ ಕಂಪ್ಯೂಟರಿನಲ್ಲಿ ಇಟ್ಟರೆ ಕ್ಷೇಮ ಎನ್ನುತ್ತೀರಾ? ಫಿನ್ಲೆಂಡಿನಲ್ಲಿ ‘ವಸ್ತಾಮೊ’ ಎಂಬ ದೊಡ್ಡ ಮಾನಸಿಕ ಚಿಕಿತ್ಸಾ ಸಂಸ್ಥೆ ಇತ್ತು. ಅದರ ಕಂಪ್ಯೂಟರಿಗೆ ಕನ್ನ ಹಾಕಿದವನೊಬ್ಬ ಸುಮಾರು 33 ಸಾವಿರ ಜನರ ದಾಖಲೆ ಕದ್ದ. 2020ರಲ್ಲಿ ಮೊದಲು ಸಂಸ್ಥೆಯ ಹತ್ತಿರ ಹಣ ಕೇಳಿದ. ಅದು ಕೊಡದಿದ್ದಾಗ ಒಬ್ಬೊಬ್ಬ ರೋಗಿಗೂ ಇ-ಮೇಲ್ ಕಳಿಸಿ, ‘200 ಯೂರೋ ಕೊಡು, ಇಲ್ಲದಿದ್ದರೆ ನೀನು ಡಾಕ್ಟರಿಗೆ ಹೇಳಿದ್ದೆಲ್ಲ ಊರಿಗೆ ಗೊತ್ತಾಗುತ್ತದೆ’ ಎಂದು ಬೆದರಿಸಿದ. 2021ರ ಫೆಬ್ರುವರಿಯಲ್ಲಿ ಸಂಸ್ಥೆ ದಿವಾಳಿಯಾಗಿ ಬಾಗಿಲು ಹಾಕಿತು. 2024ರ ಏಪ್ರಿಲ್‌ನಲ್ಲಿ ಅಲ್ಲಿನ ನ್ಯಾಯಾಲಯ ಅಪರಾಧಿಗೆ 6 ವರ್ಷ 3 ತಿಂಗಳ ಶಿಕ್ಷೆ ಕೊಟ್ಟಿತು. ಸಂಸ್ಥೆ ಹೋಯಿತು, ಕಳ್ಳ ಸಿಕ್ಕ. ಆದರೆ ಒಮ್ಮೆ ಹೊರಗೆ ಹೋದ ಮಾತು ವಾಪಸ್ ಬರಲಿಲ್ಲ. ಕಾಗದವಾದರೂ ಕಂಪ್ಯೂಟರಾದರೂ ಕಾಯುವ ಮನುಷ್ಯರು ಬೇಕೇಬೇಕು.

ನೀವೇನು ಮಾಡಬಹುದು?

1. ಮೊದಲ ದಿನವೇ ಕೇಳಿ. ‘ನೀವು ಏನೇನು ಬರೆದುಕೊಳ್ಳುತ್ತೀರಿ? ಯಾರು ಯಾರು ನೋಡುತ್ತಾರೆ? ನಾಳೆ ಈ ಕೇಂದ್ರ ಮುಚ್ಚಿದರೆ ನನ್ನ ಫೈಲು ಯಾರ ಹತ್ತಿರ ಇರುತ್ತದೆ?’ ಕೇಳಲು ಸಂಕೋಚ ಬೇಡ. ಒಳ್ಳೆಯ ಕೇಂದ್ರದವರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

2. ಸುರಕ್ಷಿತ ಫೋನ್ ನಂಬರು ಕೊಡಿ. ಮನೆಯಲ್ಲಿ ಎಲ್ಲರೂ ಎತ್ತುವ ಫೋನಿನ ನಂಬರು ಕೊಟ್ಟರೆ ‘ನಮ್ಮ ಕೇಂದ್ರ ಮುಚ್ಚುತ್ತಿದೆ’ ಎಂಬ ಒಂದು ಕರೆಯೇ ಗುಟ್ಟು ರಟ್ಟು ಮಾಡುತ್ತದೆ. ಯಾವ ಹೊತ್ತಿಗೆ ಫೋನ್ ಮಾಡಬೇಕು, ಬೇರೆಯವರು ಎತ್ತಿದರೆ ಏನು ಹೇಳಬೇಕು ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ.

3. ಮುಚ್ಚುವ ಸುದ್ದಿ ಬಂದರೆ ತಡಮಾಡದೆ ಹೋಗಿ. ಗುಳಿಗೆ ತಗೊಳ್ಳುತ್ತಿದ್ದರೆ ಅದರ ಹೆಸರು, ಎಷ್ಟು, ಯಾವಾಗಿನಿಂದ, ಮುಂದಿನ ತಪಾಸಣೆ ಯಾವಾಗ ಎಂದು ಒಂದು ಚೀಟಿ ಬರೆಸಿಕೊಳ್ಳಿ. ಕೇಂದ್ರ ಮುಚ್ಚಿತೆಂದು ಗುಳಿಗೆಯನ್ನು ತಟ್ಟನೆ ನಿಲ್ಲಿಸಬೇಡಿ, ಅದು ಅಪಾಯ. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಇದ್ದವರಾದರೆ ದಾಖಲೆಯ ಪ್ರತಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ. 2018ರ ನಿಯಮದಂತೆ 15 ದಿನದೊಳಗೆ ಕೊಡಬೇಕು.

4. ಫೈಲು ಏನಾಗಬೇಕು ಎಂದು ನೀವೇ ಹೇಳಿ. ಬೇರೆ ಡಾಕ್ಟರಿಗೆ ಕಳಿಸಬೇಕೇ, ನಿಮ್ಮ ಕೈಗೆ ಕೊಡಬೇಕೇ, ನಾಶ ಮಾಡಬೇಕೇ? ಒಂದು ಎಚ್ಚರ. ಹೊಡೆತ ಬಡಿತದ ವಿಷಯವಿದ್ದರೆ ಅವಸರದಲ್ಲಿ ‘ಸುಟ್ಟುಬಿಡಿ’ ಎನ್ನಬೇಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ನೋಂದಾಯಿತ ಸೇವಾ ಸಂಸ್ಥೆ ನಿಮ್ಮ ಇಚ್ಛೆಯಂತೆ ಬರೆದುಕೊಂಡ ವರದಿ ಮುಂದೆ ನಿಮಗೇ ಸಾಕ್ಷಿಯಾಗಬಹುದು. ಅದರ ಪ್ರತಿ ತಗೊಂಡು ತವರಿನಲ್ಲೋ ನಂಬಿಕೆಯ ಜಾಗದಲ್ಲೋ ಇಡಿ. ಗಂಡನ ಮನೆಯ ಕಪಾಟಿನಲ್ಲಿ ಬೇಡ!

5. ನಿಮ್ಮ ಪ್ರತಿನಿಧಿಯನ್ನು ನೀವೇ ಆರಿಸಿ. ನೀವು ಯಾರನ್ನೂ ಹೆಸರಿಸದಿದ್ದರೆ ಸಂಬಂಧಿಕರೇ ಆ ಸ್ಥಾನಕ್ಕೆ ಬರುತ್ತಾರೆ. ಅಕ್ಕನೋ ಗೆಳತಿಯೋ ಆಗಬೇಕು ಎಂದಿದ್ದರೆ ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು, ಕಾಯ್ದೆ ಒಪ್ಪುತ್ತದೆ. ಅವರಿಗೆ 18 ವರ್ಷ ತುಂಬಿರಬೇಕು, ಅವರ ಒಪ್ಪಿಗೆಯೂ ಬೇಕು.

6. ಹಳೆಯ ನಂಬರಿಗೆ ಮೆಸೇಜು ಕಳಿಸಬೇಡಿ. ಮೂರು ತಿಂಗಳು ಬಳಸದ ಸಿಮ್ ರದ್ದಾಗಿ, ಅದೇ ನಂಬರು ಮುಂದೆ ಬೇರೆಯವರ ಪಾಲಾಗಬಹುದು. ‘ಅಕ್ಕಾ, ಇವತ್ತು ಮತ್ತೆ ಜಗಳ ಆಯ್ತು’ ಎಂಬ ನಿಮ್ಮ ಮೆಸೇಜನ್ನು ಯಾರೋ ಅಪರಿಚಿತರು ಓದುವಂತಾಗದಿರಲಿ.

ನೀವು ಸಂಸ್ಥೆಯ ಸಮಿತಿಯಲ್ಲಿದ್ದರೆ?

ನಿಮ್ಮಲ್ಲಿ ಅನೇಕರು ಮಹಿಳಾ ಮಂಡಳದಲ್ಲೋ ಸೇವಾ ಸಂಸ್ಥೆಯಲ್ಲೋ ಪದಾಧಿಕಾರಿಗಳಾಗಿದ್ದೀರಿ. ಹಾಗಾದರೆ ಈ ಮಾತು ನಿಮಗೆ ಇನ್ನೂ ಮುಖ್ಯ. ಸಂಸ್ಥೆ ಚೆನ್ನಾಗಿ ನಡೆಯುತ್ತಿರುವಾಗಲೇ ‘ಮುಚ್ಚಿದರೆ ದಾಖಲೆಗೆ ಯಾರು ಹೊಣೆ’ ಎಂದು ಸಭೆಯಲ್ಲಿ ಠರಾವು ಮಾಡಿ ಬರೆದಿಡಿ. ಹೆಸರು ಒಂದು ಪುಸ್ತಕದಲ್ಲಿ, ಕಥೆ ಇನ್ನೊಂದು ಪುಸ್ತಕದಲ್ಲಿ, ನಡುವೆ ಬರೀ ನಂಬರು ಇರುವಂತೆ ಮಾಡಿ. ಒಂದು ಪುಸ್ತಕ ಕಳೆದರೂ ಗುಟ್ಟು ಅಷ್ಟು ಸುಲಭಕ್ಕೆ ಬಯಲಾಗುವುದಿಲ್ಲ.

ಮುಚ್ಚುವ ಸುದ್ದಿಯನ್ನು ವಾಟ್ಸ್‌ಆ್ಯಪ್ ಗ್ರೂಪು ಮಾಡಿ ಎಲ್ಲರಿಗೂ ಕಳಿಸಲೇಬೇಡಿ. ಗ್ರೂಪಿನಲ್ಲಿ ಒಬ್ಬರ ನಂಬರು ಇನ್ನೊಬ್ಬರಿಗೆ ಕಂಡರೆ ಅಲ್ಲಿಗೆ ಕಥೆ ಮುಗಿಯಿತು. ಒಬ್ಬೊಬ್ಬರಿಗೇ, ಅವರು ಕೊಟ್ಟ ಹೊತ್ತಿಗೆ ತಿಳಿಸಿ. ಬೇರೆ ಆಸ್ಪತ್ರೆಗೆ ಫೈಲು ಕೊಡುವ ಮೊದಲು ಅವರ ಒಪ್ಪಿಗೆ ಪಡೆಯಿರಿ. ಎಷ್ಟು ದಿನ ಇಡಬೇಕು ಎಂಬ ಪ್ರಶ್ನೆಗೆ ಒಂದು ಆಧಾರವೂ ಉಂಟು. ಒಳರೋಗಿಗಳ ದಾಖಲೆಯನ್ನು ವೈದ್ಯರು 3 ವರ್ಷ ಇಟ್ಟುಕೊಳ್ಳಬೇಕು ಎಂದು 2002ರ ವೈದ್ಯಕೀಯ ನೀತಿ ನಿಯಮ ಹೇಳುತ್ತದೆ. ಇಡಬೇಕಾದ್ದು ಬೀಗದಲ್ಲಿರಲಿ. ಬೇಡವಾದದ್ದನ್ನು ಇಬ್ಬರು ಹೊಣೆಗಾರರ ಎದುರು ಚೂರು ಮಾಡಿ ಸುಡಿಸಿ, ತಾರೀಕು ಹಾಕಿ ಸಹಿ ಮಾಡಿ. ರದ್ದಿಗೆ ತೂಕ ಹಾಕಬೇಡಿ. ಕಂಪ್ಯೂಟರು, ಪೆನ್ ಡ್ರೈವು, ಸಂಸ್ಥೆಯ ಮೊಬೈಲು ಯಾರಿಗಾದರೂ ಕೊಡುವ ಮುಂಚೆ ತಿಳಿದವರಿಂದ ಪೂರ್ತಿ ಅಳಿಸಿಸಿ. ಡಿಲೀಟ್ ಒತ್ತಿದ್ದೆಲ್ಲ ಅಳಿಸಿಹೋಗುವುದಿಲ್ಲ. ಕೆಲಸ ಬಿಡುವ ಸಿಬ್ಬಂದಿಗೂ ಒಂದು ಮಾತು ನೆನಪಿಸಿ. ಸಂಬಳ ನಿಂತರೂ ಕೊಟ್ಟ ಮಾತು ನಿಲ್ಲುವುದಿಲ್ಲ.

ಯಾರದೋ ಇಂಥ ಕಾಗದ ಅಕಸ್ಮಾತ್ ನಿಮ್ಮ ಕೈಗೆ ಸಿಕ್ಕರೆ? ಓದಬೇಡಿ, ಫೋಟೊ ತೆಗೆಯಬೇಡಿ, ‘ನೋಡ್ರಿ ಹಿಂಗೂ ಆಗ್ತದ’ ಎಂದು ಪಕ್ಕದ ಮನೆಗೆ ತೋರಿಸಬೇಡಿ. ಆ ಸಂಸ್ಥೆಯ ಜವಾಬ್ದಾರರಿಗೆ ಮುಟ್ಟಿಸಿ. ಆ ಹಾಳೆಯಲ್ಲಿರುವಾಕೆ ನಾಳೆ ನಿಮ್ಮ ಮನೆಗೇ ಅರಿಶಿನ ಕುಂಕುಮಕ್ಕೆ ಬರುವವಳಿರಬಹುದು.

ಭಯಕ್ಕೆ ಬಾಯಿ ಮುಚ್ಚಬೇಡಿ

ಇಷ್ಟೆಲ್ಲ ಓದಿ ‘ಹಂಗಾದ್ರ ಯಾರಿಗೂ ಏನೂ ಹೇಳೋದೇ ಬ್ಯಾಡ’ ಎಂದುಕೊಂಡಿರಾ? ದಯವಿಟ್ಟು ಹಾಗೆ ಮಾಡಬೇಡಿ. ಹೇಳಿಕೊಳ್ಳದೆ ಒಳಗೇ ಇಟ್ಟುಕೊಂಡ ನೋವು ಹೊರಬಿದ್ದ ಗುಟ್ಟಿಗಿಂತ ಹೆಚ್ಚು ಜೀವ ತಿನ್ನುತ್ತದೆ. ಕೇಂದ್ರ ಮುಚ್ಚಿದರೂ ದಾರಿಗಳಿವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ವಿಚಾರಿಸಿ. ಬೀದರ್‌ನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ‘ಟೆಲಿ ಮಾನಸ್’ ಸಹಾಯವಾಣಿಗೆ 14416 ಒತ್ತಿದರೆ ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ, ದುಡ್ಡಿಲ್ಲದೆ. ಮನೆಯಲ್ಲಿ ಹಿಂಸೆಯಿದ್ದರೆ ಮಹಿಳಾ ಸಹಾಯವಾಣಿ 181 ಇದೆ, ‘ಸಖಿ’ ಕೇಂದ್ರವೂ ಇದೆ. ಮಾತಾಡಿದ ಮೇಲೆ ಫೋನಿನ ಕರೆಪಟ್ಟಿಯಿಂದ ಆ ನಂಬರು ಅಳಿಸಿಬಿಡಿ, ಅಷ್ಟೇ.

ಚಿನ್ನ ಅಡವಿಟ್ಟರೆ ರಸೀದಿ ಕೇಳುತ್ತೇವೆ. ಸೀರೆ ಇಸ್ತ್ರಿಗೆ ಕೊಟ್ಟರೂ ಎಣಿಸಿ ಕೊಡುತ್ತೇವೆ. ಮನಸ್ಸನ್ನೇ ಬಿಚ್ಚಿ ಒಬ್ಬರ ಕೈಗೆ ಕೊಡುವಾಗ ಒಂದು ಪ್ರಶ್ನೆ ಕೇಳುವುದರಲ್ಲಿ ತಪ್ಪೇನಿದೆ? ಮುಂದಿನ ಸಲ ಹೋದಾಗ ಕೇಳಿಯೇಬಿಡಿ: ‘ಅಕ್ಕಾ, ನೀವು ಇಲ್ಲದಾಗ ನನ್ನ ಫೈಲು ಯಾರ ಹತ್ತಿರ ಇರ್ತದ?’ ಉತ್ತರ ಬರುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.